ಕರೆಂಟು ಬರುವ ಮುಂಚಿನ ಒಂದು ಶೇಂಗಾ ಹೊಲ: ಜಿಮ್ಮಿ ಕಾರ್ಟರ್ ಬೆಳೆದ ಮನೆ ನೋಡಿಬಂದೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ತೋರಿಸಬೇಕಾದ ಜಾಗಗಳ ಪಟ್ಟಿಯೊಂದು ಎಲ್ಲರ ಮನೆಯಲ್ಲೂ ಸಿದ್ಧ ಇರುತ್ತದೆ. ನಯಾಗರ, ನ್ಯೂಯಾರ್ಕು, ವೈಟ್ ಹೌಸಿನ ಬೇಲಿ ಮುಂದೆ ಒಂದು ಫೋಟೊ, ಎರಡು ಮೂರು ದೇವಸ್ಥಾನ. ಅಟ್ಲಾಂಟಾ ಕಡೆ ಮಕ್ಕಳಿರುವವರು ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ ಹೋದರೆ ಅದೇ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಊರು. ಆರುನೂರು ಜನರೂ ಇಲ್ಲ. ಅದರಾಚೆ ನಾಲ್ಕು ಕಿಲೋಮೀಟರು ಹೋದರೆ ಆರ್ಚರಿ ಎಂಬ ಹಳ್ಳಿ, ಅಲ್ಲಿ ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹುಡುಗನಾಗಿ ಬೆಳೆದ ಹೊಲಮನೆ. ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಅದನ್ನು ದೇಶದ ಆಸ್ತಿಯಾಗಿ ಕಾಪಾಡಿಟ್ಟಿದ್ದಾರೆ. ಟಿಕೆಟ್ ಇಲ್ಲ, ಕಾರು ನಿಲ್ಲಿಸುವುದಕ್ಕೂ ದುಡ್ಡಿಲ್ಲ.

ನಾನು ಕೃಷಿ ಇಲಾಖೆಯಿಂದ ನಿವೃತ್ತನಾದವನು. ನೌಕರಿಯ ಬಹುಭಾಗ ಚಳ್ಳಕೆರೆ, ಪಾವಗಡದ ಶೇಂಗಾ ಸೀಮೆಯಲ್ಲೇ ಸವೆಯಿತು. ಆದ್ದರಿಂದ "ಶೇಂಗಾ ಬೆಳೆಗಾರ ಅಧ್ಯಕ್ಷ" ಅಂತ ನಮ್ಮ ಕಾಲದ ಪೇಪರುಗಳಲ್ಲಿ ಓದಿದ ಮನುಷ್ಯನ ಹೊಲ ನೋಡಬೇಕೆಂಬ ಆಸೆ ಹಳೆಯದು. ಮಗಳಿಗೆ ಹೇಳಿದಾಗ, "ಅಪ್ಪಾ, ಅಲ್ಲೇನಿದೆ, ಬರೀ ಹೊಲ" ಅಂದಳು. ಬರೀ ಹೊಲ ನೋಡುವುದಕ್ಕೇ ಹೋಗೋಣ ಅಂದೆ. ಅಳಿಯ ಪಾಪ, ರಜಾದಿನದ ನಿದ್ದೆ ಬಿಟ್ಟು ಕಾರು ತೆಗೆದ.

ಮೊದಲು ಪ್ಲೇನ್ಸ್ ಊರೊಳಗಿನ ಹಳೆಯ ಹೈಸ್ಕೂಲಿಗೆ ಹೋಗಿ. ಕಾರ್ಟರ್ ಓದಿದ ಶಾಲೆಯೇ ಈಗ ಮ್ಯೂಸಿಯಂ. ಚೆನ್ನಾಗಿದೆ, ಆದರೆ ಅಲ್ಲಿಯೇ ಅರ್ಧ ದಿನ ಕಳೆಯಬೇಡಿ. ಫೋಟೊ, ಪದಕ, ಚುನಾವಣೆಯ ಬಿಲ್ಲೆ ಇಂಥವು ಯಾವ ನಾಯಕನ ಮ್ಯೂಸಿಯಮ್ಮಿನಲ್ಲಾದರೂ ಸಿಗುತ್ತವೆ. 1976ರ ಚುನಾವಣೆಯಲ್ಲಿ ಪ್ರಚಾರ ಕಚೇರಿಯಾಗಿದ್ದ ಪುಟ್ಟ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ, ಇಣುಕಿ ನೋಡಿ ಬನ್ನಿ. ಜಗತ್ತಿನ ಅಷ್ಟು ದೊಡ್ಡ ಕುರ್ಚಿಗೆ ಹೊರಟ ಮನುಷ್ಯನ ಕಚೇರಿ ಅಷ್ಟು ಚಿಕ್ಕದಿತ್ತು ಅನ್ನುವುದು ಕಣ್ಣಾರೆ ಕಂಡರೇ ನಂಬಿಕೆ ಬರುವುದು. ಆಮೇಲೆ ನೇರ ಹೊಲಕ್ಕೆ.

ಹೊಲಮನೆಯ ಕತೆ ಇಷ್ಟು. ಅಪ್ಪ ಅರ್ಲ್ ಕಾರ್ಟರ್ 1928ರಲ್ಲಿ ಈ ಜಮೀನು ಕೊಂಡು ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದ. ಆಗ ಜಿಮ್ಮಿಗೆ ನಾಲ್ಕು ವರ್ಷ. ಜಮೀನು 360 ಎಕರೆ. ಹತ್ತಿ, ಶೇಂಗಾ, ಮೆಕ್ಕೆಜೋಳ, ಕಬ್ಬು. 1949ರಲ್ಲಿ ಮನೆ ಮಾರಿದರು. ಸರ್ಕಾರ ಕೊಂಡುಕೊಂಡಿದ್ದು ಮನೆ, ಕೊಟ್ಟಿಗೆ ಇರುವ 17 ಎಕರೆಯನ್ನು ಮಾತ್ರ. 2000ದ ನವೆಂಬರಿನಿಂದ ಜನರಿಗೆ ತೆರೆದಿದೆ. ಇಲ್ಲಿ ಮೆಚ್ಚಬೇಕಾದ ಒಂದು ತೀರ್ಮಾನವಿದೆ. ಮನೆಗೆ ಕರೆಂಟು ಬಂದದ್ದು 1938ರಲ್ಲಿ. ಮನೆಯನ್ನು ಅದಕ್ಕೂ ಹಿಂದಿನ ಸ್ಥಿತಿಗೆ ತಂದು ನಿಲ್ಲಿಸಿದ್ದಾರೆ. ಅಧ್ಯಕ್ಷನಾದವನ ಮನೆ ಅಂತ ಮೆರೆಸಿಲ್ಲ, ಹನ್ನೆರಡು ಹದಿಮೂರು ವರ್ಷದ ಹುಡುಗ ಕಂಡ ಮನೆಯನ್ನೇ ಇಟ್ಟಿದ್ದಾರೆ. ಸೌದೆ ಒಲೆ, ಸೀಮೆಎಣ್ಣೆ ದೀಪ, ಬೆಂಕಿಗೂಡು, ಹಿತ್ತಲಲ್ಲಿ ಕಕ್ಕಸು.

1935ರಲ್ಲಿ ಅರ್ಲ್ ಒಂದು ಗಾಳಿಯಂತ್ರ ನಿಲ್ಲಿಸಿ ಮನೆಯೊಳಕ್ಕೆ ನಲ್ಲಿ ನೀರು ತಂದ. ಅಲ್ಲಿಯವರೆಗೆ ಬಾವಿಯ ನೀರೇ. ಬಚ್ಚಲಿನಲ್ಲಿ ಅವನು ಮಾಡಿಟ್ಟ ಶವರನ್ನು ತಪ್ಪದೆ ನೋಡಿ. ಒಂದು ತಗಡಿನ ಡಬ್ಬಿ, ಅದರ ತಳಕ್ಕೆ ಮೊಳೆಯಿಂದ ಹೊಡೆದ ತೂತುಗಳು. ಅಷ್ಟೇ. ಮನೆಯಲ್ಲಿ ಬೇರೇನೂ ನೋಡದಿದ್ದರೂ ಈ ಡಬ್ಬಿಯೊಂದರಿಂದ ಅರ್ಲ್ ಎಂಥ ಮನುಷ್ಯ ಅಂತ ತಿಳಿದುಹೋಗುತ್ತದೆ. ಕೈಯಲ್ಲಿ ದುಡ್ಡಿದ್ದೂ ಅಂಗಡಿಗೆ ಹೋಗದೆ ತಾನೇ ಮಾಡಿಕೊಳ್ಳುವ ಜಾತಿ. ಇಂಥ ರೈತರನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ, ಇಲಾಖೆಯವರ ಮಾತು ಇವರು ಸುಲಭಕ್ಕೆ ಕೇಳುವುದಿಲ್ಲ! ಅರ್ಲ್ ಕೂಡ ಹಾಗೇ. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಲೆ ಏರಲಿ ಅಂತ ಬೆಳೆದು ನಿಂತ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿ ಎಂದಾಗ ಅವನು ಕೆಂಡವಾದ. ಇನ್ನೆಂದೂ ಆ ಮನುಷ್ಯನಿಗೆ ವೋಟು ಹಾಕಲಿಲ್ಲ ಅಂತ ಮಗನೇ ಬರೆದುಕೊಂಡಿದ್ದಾನೆ.

ಅಲ್ಲಲ್ಲಿ ಗುಂಡಿ ಒತ್ತಿದರೆ ಕಾರ್ಟರ್ ಅವರ ಸ್ವಂತ ದನಿಯಲ್ಲಿ ಆ ಜಾಗದ ವಿವರಣೆ ಬರುತ್ತದೆ. ದಕ್ಷಿಣದವರ ಎಳೆದಾಡುವ ಇಂಗ್ಲಿಷು, ನನಗೆ ಅರ್ಧ ಅರ್ಥವಾಗಲಿಲ್ಲ, ಮಗಳು ಹೇಳಿದಳು. ಆದರೂ ಆ ದನಿ ಕೇಳುತ್ತಾ ಅದೇ ಅಂಗಳದಲ್ಲಿ ನಿಲ್ಲುವುದು ಬೋರ್ಡು ಓದುವುದಕ್ಕಿಂತ ಎಷ್ಟೋ ಮೇಲು.

ಕುಲುಮೆಯ ಹತ್ತಿರ ನಾನು ಬಹಳ ಹೊತ್ತು ನಿಂತೆ. ನೇಗಿಲ ಕುಳ ತಟ್ಟುವುದು, ಹೇಸರಗತ್ತೆಗಳ ಗೊರಸಿಗೆ ಲಾಳ ಕಟ್ಟುವುದು ಎಲ್ಲ ಇಲ್ಲೇ ನಡೆಯುತ್ತಿತ್ತು. ಈ ಹೊಲದಲ್ಲಿ ಉಳುಮೆಯೆಲ್ಲ ಹೇಸರಗತ್ತೆಯದು. ಶೇಂಗಾ ಕೀಳುವ ಕ್ರಮ ಕೇಳಿ: ಹೇಸರಗತ್ತೆ ಹೂಡಿದ ನೇಗಿಲು ಸಾಲಿನಡಿ ಹೊಕ್ಕು ಬೇರು ಸಡಿಲ ಮಾಡುತ್ತದೆ, ಹಿಂದೆ ಬಂದವರು ಬಗ್ಗಿ ಗಿಡ ಕಿತ್ತು, ಮಣ್ಣು ಕೊಡವಿ, ನೆಟ್ಟಗೆ ನಿಲ್ಲಿಸಿದ ಗಳುವಿಗೆ ಸುತ್ತ ಪೇರಿಸುತ್ತಾ ಹೋಗುತ್ತಾರೆ. ಕಾಯಿ ಒಳಮುಖ, ಸೊಪ್ಪು ಹೊರಮುಖ. ಮಳೆ ಬಿದ್ದರೆ ಸೊಪ್ಪಿನ ಮೇಲೆ ಜಾರಿಹೋಗಬೇಕು, ಗಾಳಿ ಒಳಗೆ ಆಡಿ ಕಾಯಿ ಒಣಗಬೇಕು. ಬುಡದಲ್ಲಿ ಅಡ್ಡಪಟ್ಟಿ ಹೊಡೆದು ಗಿಡ ನೆಲಕ್ಕೆ ತಾಗದಂತೆ ಎತ್ತರಿಸುತ್ತಿದ್ದರು. ಇದು ಮಾಡಿ ತಿಳಿದವರ ಲೆಕ್ಕಾಚಾರ. ಒಣಗದ ಶೇಂಗಾಕ್ಕೆ ಬೂಷ್ಟು ಹಿಡಿದರೆ ಮಾರುಕಟ್ಟೆಯೂ ಇಲ್ಲ, ದನಕ್ಕೂ ಆಗುವುದಿಲ್ಲ. ನಮ್ಮ ಇಲಾಖೆಯ ತರಬೇತಿಗಳಲ್ಲಿ ನಾವು ಗಂಟಲು ಹರಿದುಕೊಂಡು ಹೇಳುತ್ತಿದ್ದುದೂ ಇದನ್ನೇ.

ಹತ್ತಿಯ ಕತೆ ಮಾತ್ರ ಹೊಟ್ಟೆ ತೊಳಸುವಂಥದು. ಕಾಯಿಗೆ ಬೀಳುವ ಮೂತಿಹುಳು ಆ ಕಾಲದಲ್ಲಿ ಅಮೆರಿಕದ ದಕ್ಷಿಣವನ್ನೇ ಹಿಂಡಿತ್ತು. ಔಷಧಿಯೆಂದರೆ ಆರ್ಸೆನಿಕ್, ಕಾಕಂಬಿ, ನೀರು ಕಲಸಿದ ದ್ರಾವಣ. ಹುಡುಗರು ಬಕೆಟ್ ಹಿಡಿದು, ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಗಿಡಗಿಡದ ಸುಳಿಗೆ ಬಳಿಯುತ್ತಾ ಸಾಲು ನಡೆಯಬೇಕು. ಸಿಹಿ ವಾಸನೆಗೆ ನೊಣ, ಜೇನು ಮುತ್ತಿಕೊಳ್ಳುತ್ತವೆ, ಚಡ್ಡಿ ಒಣಗಿ ತಗಡಾಗುತ್ತದೆ. ಜಿಮ್ಮಿ ಈ ಕೆಲಸವನ್ನು ಎಷ್ಟು ಹೇಸುತ್ತಿದ್ದನೆಂದು ದೊಡ್ಡವನಾದ ಮೇಲೂ ಮರೆತಿಲ್ಲ. ವಿಷವನ್ನು ಬರಿಗೈಲಿ ಮುಟ್ಟಬೇಡಿ ಅಂತ ಹಳ್ಳಿ ಹಳ್ಳಿ ತಿರುಗಿ ಹೇಳಿದ ನನಗೆ, ಆರ್ಸೆನಿಕ್ ಬಕೆಟ್ ಹಿಡಿದ ಮಕ್ಕಳನ್ನು ನೆನೆದು ಮೈ ಜುಮ್ಮೆಂದಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಜಾಗದ ಬೆಲೆ ಇರುವುದು ದೊಡ್ಡಮನೆಯಲ್ಲಿ ಅಲ್ಲ. ಹೊಲಮನೆಯ ಪಕ್ಕದಲ್ಲಿ ಅರ್ಲ್‌ನ ಅಂಗಡಿ ಇದೆ. ಇನ್ನೂ ಸ್ವಲ್ಪ ನಡೆದರೆ ಜಾಕ್ ಕ್ಲಾರ್ಕ್, ರೇಚಲ್ ಕ್ಲಾರ್ಕ್ ಎಂಬ ಕಪ್ಪು ದಂಪತಿಯ ಮನೆ. ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಬೇಕು, ನಡುವೆ ಎಷ್ಟು ಹೆಜ್ಜೆ ಆಗುತ್ತದೆಂದು ನಡೆದೇ ನೋಡಬೇಕು. ಕಾರ್ಟರ್ ಮನೆಯ ಮಗ್ಗುಲಲ್ಲಿ ಅರ್ಲ್ ಆಡುತ್ತಿದ್ದ ಟೆನಿಸ್ ಅಂಕಣವಿದೆ. ಹೌದು, ಕರೆಂಟಿಲ್ಲದ ಹೊಲದಲ್ಲಿ ಟೆನಿಸ್ ಅಂಕಣ! ಕ್ಲಾರ್ಕ್ ಮನೆಯಲ್ಲಿ ನಾಲ್ಕು ಗೋಡೆ, ಮಂಚ, ಒಲೆ.

ಅಂಗಡಿಯ ವ್ಯವಹಾರ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಆಳುಗಳಿಗೂ ಪಾಲಿಗೆ ಉಳುವವರಿಗೂ ಉಪ್ಪು, ಸಕ್ಕರೆ, ಹಿಟ್ಟು, ಸೀಮೆಎಣ್ಣೆ, ನಶ್ಯ, ದುಡಿಮೆಯ ಬಟ್ಟೆ, ಬೂಟು ಎಲ್ಲ ಇಲ್ಲೇ. ಶನಿವಾರ ಬಟವಾಡೆ. ಕೂಲಿ ಕೊಡುವವನೂ ಯಜಮಾನ, ಸಾಮಾನು ಮಾರುವವನೂ ಯಜಮಾನ, ಉದ್ರಿ ಬರೆದಿಡುವವನೂ ಅವನೇ. ಅರ್ಲ್ ಮೋಸಗಾರನಾಗಿದ್ದ ಅಂತ ನಾನು ಹೇಳುತ್ತಿಲ್ಲ. ಮೋಸವೇ ಬೇಕಿಲ್ಲದ ಏರ್ಪಾಡು ಅದು, ಲೆಕ್ಕ ಸರಿಯಾಗಿಟ್ಟರೂ ದುಡ್ಡು ಅದೇ ಗಲ್ಲಾಕ್ಕೆ ವಾಪಸು ಬರುತ್ತದೆ. ನಮ್ಮ ಕಡೆ ಮಂಡಿ ಸಾವ್ಕಾರನ ಹತ್ತಿರ ಬೀಜಕ್ಕೆ ಸಾಲ ಎತ್ತಿ, ಅವನ ಮಂಡಿಗೇ ಕಾಯಿ ಹಾಕುತ್ತಿದ್ದ ರೈತನ ಪಾಡಿಗೂ ಇದಕ್ಕೂ ಹೆಚ್ಚು ಫರಕಿಲ್ಲ. ನನ್ನನ್ನು ಕೇಳಿದ್ದರೆ ಆ ಗಲ್ಲಾದ ಮೇಲೆ ಉದ್ರಿ ಲೆಕ್ಕದ ಪುಸ್ತಕವೊಂದನ್ನು ತೆರೆದು ಇಡಿಸುತ್ತಿದ್ದೆ. ಯಾರ ಹೆಸರಿನ ಮುಂದೆ ಎಷ್ಟು, ವರ್ಷದ ಕೊನೆಗೆ ಎಷ್ಟು ಉಳಿಯಿತು ಅಂತ. ಡಬ್ಬಿ, ಚೀಲಗಳಿಗಿಂತ ಅದು ಹೆಚ್ಚು ಮಾತಾಡುತ್ತಿತ್ತು.

ಜಾಕ್ ಕ್ಲಾರ್ಕ್ ಈ ಹೊಲದ ಮೇಸ್ತ್ರಿ. ಬೆಳಕು ಹರಿಯುವುದಕ್ಕೆ ಒಂದು ಗಂಟೆ ಮುಂಚೆ ಅಂಗಳದ ದೊಡ್ಡ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುವ ಹೊಣೆ ಅವನದು. ರೇಚಲ್ ಹತ್ತಿ ಬಿಡಿಸುವುದರಲ್ಲಿ, ಶೇಂಗಾ ಪೇರಿಸುವುದರಲ್ಲಿ ಗಂಡಸರನ್ನೂ ಹಿಂದೆ ಹಾಕುತ್ತಿದ್ದ ಗಟ್ಟಿಗಿತ್ತಿ. ಅಪ್ಪ ಅಮ್ಮ ಊರಲ್ಲಿಲ್ಲದಾಗ ಜಿಮ್ಮಿ ಮಲಗುತ್ತಿದ್ದುದು ಈ ಮನೆಯ ನೆಲದ ಮೇಲೆ, ಹಾಸಿಗೆ ಬಿಡಿಸಿಕೊಂಡು. ಮೀನು ಹಿಡಿಯಲು ಕಲಿತದ್ದು ಅವಳ ಜೊತೆ ಹಳ್ಳಕ್ಕೆ ನಡೆದು. ಕಾರ್ಟರ್ ತನ್ನನ್ನು ಬೆಳೆಸಿದವರ ಹೆಸರು ಹೇಳುವಾಗಲೆಲ್ಲ ಈ ಹೆಸರನ್ನು ಬಿಟ್ಟಿಲ್ಲ.

ಆರ್ಚರಿಯಲ್ಲಿ ಹೆಚ್ಚಿನವರು ಕಪ್ಪು ಜನ. ಜಿಮ್ಮಿಯ ಆಟದ ಜೊತೆಗಾರರೆಲ್ಲ ಅವರ ಮಕ್ಕಳೇ. ಒಟ್ಟಿಗೆ ಈಜು, ಒಟ್ಟಿಗೆ ಹೊಲದ ಕೆಲಸ. ಆದರೆ ಶಾಲೆ ಬೇರೆ, ಚರ್ಚು ಬೇರೆ, ರೈಲಿನಲ್ಲಿ ಕೂರುವ ಡಬ್ಬಿ ಬೇರೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ದಿನ ಹುಲ್ಲುಗಾವಲಿನ ಗೇಟಿನ ಹತ್ತಿರ ಬಂದಾಗ ಗೆಳೆಯರಿಬ್ಬರು ಗೇಟು ತೆರೆದು, ಇವನು ಮೊದಲು ಹೋಗಲೆಂದು ಪಕ್ಕಕ್ಕೆ ಸರಿದು ನಿಂತರಂತೆ. ಕಾಲಿಗೆ ತಂತಿ ಕಟ್ಟಿ ಬೀಳಿಸುವ ತಮಾಷೆಯಿರಬೇಕು ಅಂತ ಇವನು ಅನುಮಾನಿಸಿದನಂತೆ. ತಂತಿ ಇರಲಿಲ್ಲ. ಅಂದಿನಿಂದ ಅವರು ಸಮಾನರಾಗಿ ಉಳಿಯಲಿಲ್ಲ. ಮನೆಯಲ್ಲಿ ಹಿರಿಯರು ಹೇಳಿಕೊಟ್ಟಿರಬೇಕು, ಇನ್ನು ನೀವು ಹುಡುಗರಲ್ಲ, ಅವನು ಬಿಳಿಯ ಅಂತ. ಇದನ್ನು ಓದಿದ್ದ ಮಗಳು ಆ ಬೇಲಿಸಾಲಿನ ಹತ್ತಿರ ನಿಂತು ನನಗೆ ಹೇಳಿದಳು. ನಾನು ಏನೂ ಅನ್ನಲಿಲ್ಲ. ಇದೇ ಪಾಠ ಕಲಿತ ಹುಡುಗರು, ಕಲಿಸಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಯೋ.

ಇನ್ನೊಂದು ಪ್ರಸಂಗ ಬಿಷಪ್ ವಿಲಿಯಂ ಡೆಕರ್ ಜಾನ್ಸನ್ ಎಂಬುವರದು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪ್, ಇದೇ ಆರ್ಚರಿಯಲ್ಲಿ ಶಾಲೆ ನಡೆಸುತ್ತಿದ್ದರು. ಸುತ್ತಮುತ್ತ ಅವರಷ್ಟು ಓದಿದವರು, ಲೋಕ ತಿರುಗಿದವರು ಇರಲಿಲ್ಲ. ಕಪ್ಪು ಮನುಷ್ಯ ಬಿಳಿಯರ ಮನೆಗೆ ಮುಂಬಾಗಿಲಿಂದ ಹೋಗುವಂತಿಲ್ಲ. ಹಿಂಬಾಗಿಲಿಗೆ ಹೋಗುವುದಕ್ಕೆ ಬಿಷಪ್ಪರ ಮನಸ್ಸು ಒಪ್ಪದು. ಅದಕ್ಕೆ ಅವರು ಕಾರನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದರು, ಚಾಲಕ ಹಾರನ್ ಒತ್ತುತ್ತಿದ್ದ, ಅರ್ಲ್ ಹೊರಗೆ ಬಂದು ನಿಂತು ಮಾತಾಡುತ್ತಿದ್ದ. ಇಬ್ಬರ ಮರ್ಯಾದೆಯೂ ಉಳಿಯಿತು! ಆ ಅಂಗಳ ನೋಡಿದಾಗ ನಗು ಬಂತು, ಸಿಟ್ಟೂ ಬಂತು. ಬಿಷಪ್ಪರ ಮಗ ಮಾತ್ರ ನೇರ ಮುಂಬಾಗಿಲಿಗೇ ಬಂದು ಜಿಮ್ಮಿಯ ತಾಯಿ ಲಿಲಿಯನ್ ಜೊತೆ ಮಾತಾಡಿ ಹೋಗುತ್ತಿದ್ದನಂತೆ. ಅಂಥ ಹೊತ್ತಿನಲ್ಲಿ ಅರ್ಲ್ ಮನೆಯಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದ.

1938ರ ಜೂನಿನಲ್ಲಿ ಅಮೆರಿಕದ ಕಪ್ಪು ಬಾಕ್ಸರ್ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ನಡುವೆ ಬಾಕ್ಸಿಂಗ್ ಪಂದ್ಯ. ಕೇಳುವುದಕ್ಕೆ ಬಂದ ಕಪ್ಪು ಜನ ಅಂಗಳದಲ್ಲಿ ಕೂತರು, ಅರ್ಲ್ ಬ್ಯಾಟರಿ ರೇಡಿಯೊವನ್ನು ಕಿಟಕಿಯಲ್ಲಿಟ್ಟ. ಲೂಯಿಸ್ ಮೊದಲನೇ ಸುತ್ತಿನಲ್ಲೇ ಎದುರಾಳಿಯನ್ನು ಉರುಳಿಸಿದ. ಅಂಗಳದಲ್ಲಿ ಚಕಾರವಿಲ್ಲ. ಅರ್ಲ್‌ಗೆ ಥ್ಯಾಂಕ್ಸ್ ಹೇಳಿ ಎಲ್ಲರೂ ತಣ್ಣಗೆ ರಸ್ತೆ ದಾಟಿ, ರೈಲು ಹಳಿ ದಾಟಿ ತಮ್ಮವರ ಮನೆಯೊಂದಕ್ಕೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಆಮೇಲೆ ಕೇಳಿ ಕೂಗಾಟ, ಕುಣಿದಾಟ! ರಾತ್ರಿಯಿಡೀ ನಡೆಯಿತಂತೆ. ರೈಲು ಹಳಿ ಈಗಲೂ ಮನೆಯೆದುರಿಗೇ ಇದೆ. ಕೂಗು ಕೇಳುವಷ್ಟೇ ದೂರ.

ಈ ಹುಡುಗನೇ ಮುಂದೆ ನೌಕಾಪಡೆ ಸೇರಿ, 1953ರಲ್ಲಿ ಅಪ್ಪ ತೀರಿಕೊಂಡಾಗ ನೌಕರಿ ಬಿಟ್ಟು ಬಂದು ಶೇಂಗಾ ವ್ಯಾಪಾರ ಹಿಡಿದ. 1971ರಲ್ಲಿ ಜಾರ್ಜಿಯಾದ ಗವರ್ನರ್ ಆಗಿ ಮೊದಲ ಭಾಷಣದಲ್ಲೇ ಬಣ್ಣಭೇದದ ಕಾಲ ಮುಗಿಯಿತು ಎಂದ. ಅಪ್ಪ ಬದುಕಿದ್ದಿದ್ದರೆ ಈ ಮಾತಿಗೆ ಏನನ್ನುತ್ತಿದ್ದನೋ. ತಾಯಿ ಲಿಲಿಯನ್ ಮಾತ್ರ ಹೆಮ್ಮೆಪಟ್ಟಿರಬೇಕು. ನರ್ಸಾಗಿದ್ದ ಆಕೆ ಯಾರ ಬಣ್ಣ ಏನೆಂದು ನೋಡದೆ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಆರೈಕೆ ಮಾಡುತ್ತಿದ್ದವಳು. ಭಾರತದವರು ಈಕೆಯ ಬಗ್ಗೆ ಒಂದು ವಿಷಯ ತಿಳಿದು ಹೋದರೆ ಮನೆಯೊಳಗೆ ಬೇರೆಯದೇ ಸಲಿಗೆ ಹುಟ್ಟುತ್ತದೆ. 68ರ ವಯಸ್ಸಿನಲ್ಲಿ ಪೀಸ್ ಕೋರ್ ಎಂಬ ಅಮೆರಿಕ ಸರ್ಕಾರದ ಸ್ವಯಂಸೇವಕರ ದಳ ಸೇರಿ, 1966ರಿಂದ ಎರಡು ವರ್ಷ ಮುಂಬಯಿಯ ವಿಕ್ರೋಳಿಯಲ್ಲಿ ಕಾರ್ಮಿಕರ ನಡುವೆ ದಾದಿಯಾಗಿ ದುಡಿದ ಹೆಂಗಸು ಈಕೆ. ಮಗ 1978ರಲ್ಲಿ ಅಧ್ಯಕ್ಷನಾಗಿ ಭಾರತಕ್ಕೆ ಬಂದಾಗ ಹೋಗಿದ್ದ ಹರಿಯಾಣದ ಹಳ್ಳಿಗೆ ಕಾರ್ಟರ್‌ಪುರಿ ಅಂತ ಹೆಸರೇ ಬಂತು.

ಕರೆಂಟಿನ ವಿಚಾರಕ್ಕೆ ಒಂದು ಮಾತು. ಸೀಮೆಎಣ್ಣೆ ದೀಪದಲ್ಲಿ ಓದಿದ ಈ ಮನುಷ್ಯ 1979ರಲ್ಲಿ ವೈಟ್ ಹೌಸಿನ ಚಾವಣಿಗೆ ಸೂರ್ಯನ ಶಾಖದಿಂದ ನೀರು ಕಾಯಿಸುವ ಫಲಕ ಹಾಕಿಸಿದ. ತೊಂಬತ್ತು ದಾಟಿದ ಮೇಲೆ, 2017ರಲ್ಲಿ, ಪ್ಲೇನ್ಸ್‌ನ ತನ್ನ ಹತ್ತು ಎಕರೆಯನ್ನು ಸೋಲಾರ್ ವಿದ್ಯುತ್ತಿಗೆ ಗುತ್ತಿಗೆ ಕೊಟ್ಟ. ಊರಿಗೆ ಬೇಕಾದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರಲಿ ಎಂಬ ಯೋಜನೆ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಇದನ್ನು ಹೇಳಿದರೆ, "ಎಕರೆಗೆ ಎಷ್ಟು ಕೊಟ್ರಂತೆ ಸಾ?" ಅಂತ ಮೊದಲು ಕೇಳುತ್ತಾರೆ, ಗ್ಯಾರಂಟಿ.

2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಕಾರ್ಟರ್ ತೀರಿಕೊಂಡರು. ಜನವರಿ 4ರಂದು ಅಂತಿಮ ಯಾತ್ರೆಯ ವಾಹನಗಳು ಅಟ್ಲಾಂಟಾಕ್ಕೆ ಹೋಗುವ ಮೊದಲು ಈ ಹೊಲಮನೆಯ ಮುಂದೆ ನಿಂತವು. ಪಾರ್ಕಿನ ಸಿಬ್ಬಂದಿ ಜಾಕ್ ಕ್ಲಾರ್ಕ್ ಬಾರಿಸುತ್ತಿದ್ದಂಥ ಹೊಲದ ಗಂಟೆಯನ್ನು 39 ಸಲ ಬಾರಿಸಿದರು. ಮೊಮ್ಮಗ ಆ ಗಂಟೆ ನೋಡಿ, "ತಾತ, ನಾನೂ ಹೊಡೀಲಾ?" ಅಂದ. ಬೇಡ ಅಂದೆ.

ಕೊರತೆ ಹೇಳದಿದ್ದರೆ ವಿಮರ್ಶೆ ಅನ್ನಿಸುವುದಿಲ್ಲ. ನನ್ನ ಕಣ್ಣಿಗೆ ಎಲ್ಲವೂ ಅತಿ ಚೊಕ್ಕಟ. ಆಡು, ಕೋಳಿ ಇವೆ, ತರಕಾರಿ ಮಡಿ ಇದೆ, ಆದರೆ ದುಡಿಯುವ ಹೊಲಕ್ಕೆ ಇರುವ ಗಜಿಬಿಜಿ ಇಲ್ಲ. ಮುರಿದ ನೊಗ, ಗೋಡೆಗೊರಗಿದ ಹಳೆ ಚಕ್ರ, ಯಾವತ್ತೋ ಬೇಕಾದೀತು ಅಂತ ಎತ್ತಿಟ್ಟ ಹಗ್ಗದ ತುಂಡು, ಇವಿಲ್ಲದ ರೈತನ ಮನೆ ನಾನು ಕಂಡಿಲ್ಲ. 17 ಎಕರೆಯ ಅಂಚಿನಲ್ಲಿ ನಿಂತು 360 ಎಕರೆಯ ದುಡಿಮೆಯನ್ನು ಊಹಿಸಿಕೊಳ್ಳುವುದೂ ಪಟ್ಟಣದಲ್ಲಿ ಬೆಳೆದವರಿಗೆ ಕಷ್ಟವೇ.

ಹೋಗುವವರಿಗೆ ಕೆಲವು ಮಾತು. ಬೇಸಿಗೆಯಲ್ಲಿ ಬಿಸಿಲು ಜೋರು. ಅದಕ್ಕಿಂತ ಹೆಚ್ಚಿನ ಕಾಟ ನೊರಜಿನದು, ಕಣ್ಣು ಕಿವಿ ಬಿಡದೆ ಮುತ್ತುತ್ತದೆ, ತಲೆಗೊಂದು ಟವೆಲ್ ಇರಲಿ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೋದರೆ ದಾರಿಯುದ್ದಕ್ಕೂ ಶೇಂಗಾ ಕೀಳುವ ಯಂತ್ರಗಳನ್ನು ನೋಡಬಹುದು. ಗಿಡವನ್ನು ಬೇರುಸಮೇತ ಎತ್ತಿ, ಕಾಯಿ ಮೇಲಾಗುವಂತೆ ಮಗುಚಿ ಸಾಲಾಗಿ ಹಾಕಿಕೊಂಡು ಹೋಗುತ್ತವೆ. ಅಮೆರಿಕದ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಜಾರ್ಜಿಯಾದ್ದೇ. ಮಂಡಿನೋವಿನವರಿಗೆ ತೊಂದರೆಯಿಲ್ಲ, ನೆಲ ಸಮತಟ್ಟು. ಸಸ್ಯಾಹಾರಿಗಳು ಮನೆಯಿಂದಲೇ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಜಾಣತನ. ದಾರಿಯಲ್ಲಿ ನಾವು ನಿಲ್ಲಿಸಿದ ಒಂದು ಹೋಟೆಲಿನಲ್ಲಿ ಮಾಂಸವಿಲ್ಲ ಅಂತ ಕೊಟ್ಟ ಹುರುಳಿಕಾಯಿ ಪಲ್ಯದಲ್ಲೂ ಹಂದಿಮಾಂಸದ ಚೂರಿತ್ತು, ನಮ್ಮ ಮನೆಯವಳು ತಟ್ಟೆ ಸರಿಸಿದವಳು ಸಂಜೆವರೆಗೆ ಬರೀ ನೀರು ಕುಡಿದಳು.

ಅವಳ ಹೊಟ್ಟೆ ತಣ್ಣಗಾದದ್ದು ಪ್ಲೇನ್ಸ್‌ನ ಬೀದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಹಸಿ ಶೇಂಗಾ ಸಿಕ್ಕಿದ ಮೇಲೆ. ಜಿಮ್ಮಿ ಚಿಕ್ಕ ಹುಡುಗನಾಗಿದ್ದಾಗ ಹೊಲದಿಂದ ಕಿತ್ತು, ತೊಳೆದು, ಬೇಯಿಸಿ, ಪೊಟ್ಟಣ ಕಟ್ಟಿ ಇದೇ ಬೀದಿಯಲ್ಲಿ ಮಾರುತ್ತಿದ್ದ ಮಾಲು ಅದು. ಅಲ್ಲಿನವರು ನಮಗಿಂತ ಮೆತ್ತಗೆ ಬೇಯಿಸುತ್ತಾರೆ, ಸಿಪ್ಪೆಯೊಳಗೆ ಉಪ್ಪುನೀರು ನಿಂತಿರುತ್ತದೆ, ಬಾಯಿಗಿಟ್ಟು ಹೀರಬೇಕು. ಶೇಂಗಾ ಬೆಣ್ಣೆಯ ಐಸ್‌ಕ್ರೀಮೂ ಸಿಗುತ್ತದೆ, ಮೊಮ್ಮಗ ಎರಡು ತಿಂದ. ನನಗೆ ಅದು ಅತಿ ಸಿಹಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಹೊಲಕ್ಕೆ. ಐಸ್‌ಕ್ರೀಮಿಗೆ ಎಷ್ಟು ಅಂತ ಮೊಮ್ಮಗನನ್ನೇ ಕೇಳಬೇಕು.